ಲೋಹದ ಹೊಳಪಿನ ಕಿರು ಜೀರುಂಡೆ: ಕುಲದಿಂದ ಪ್ರಭೇದದವರೆಗೆ ಹೋಗುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ಒಣಗುತ್ತಿರುವ ಮರವೊಂದರ ಎಲೆಯ ಮೇಲೆ ಸುಮಾರು 7 ಮಿಲಿಮೀಟರ್ ಉದ್ದದ, ಕಿರಿದಾದ ಮೈಯ, ಹಸಿರು ಬೆರೆತ ತಾಮ್ರದ ಹೊಳಪಿನ ಜೀರುಂಡೆಯೊಂದು ಸಿಕ್ಕಿತು. ಗರಗಸದ ಹಲ್ಲಿನಂತಹ ಮೀಸೆ, ಮೈಯ ಆಕಾರ ಮತ್ತು ಮರದ ತೊಗಟೆಯಲ್ಲಿ ಕಂಡ ಇಂಗ್ಲಿಷಿನ ‘ಡಿ’ ಅಕ್ಷರದಂತಹ ರಂಧ್ರಗಳನ್ನು ನೋಡಿ, ಇದು ಬ್ಯುಪ್ರೆಸ್ಟಿಡೇ ಕುಟುಂಬದ ಅಗ್ರಿಲಸ್ ಕುಲಕ್ಕೆ ಸೇರಿದ್ದು ಎಂದುಕೊಂಡಿದ್ದೇನೆ. ಆದರೆ ಒಂದೇ ಚಿತ್ರಕ್ಕೆ ಎರಡು ಆ್ಯಪ್‌ಗಳು ಎರಡು ಬೇರೆ ಪ್ರಭೇದಗಳ ಹೆಸರನ್ನು ಕೊಟ್ಟಿವೆ. ಇನ್ನೂ ಸ್ಪಷ್ಟವಾದ ಚಿತ್ರ ತೆಗೆದರೆ ಹೆಸರು ಖಚಿತವಾದೀತೇ?

ಉತ್ತರ 1:
ಮೇಲಿನಿಂದ ತೆಗೆದ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಸಾಲದು. ಅಗ್ರಿಲಸ್ ಕುಲದಲ್ಲಿ ಈವರೆಗೆ ವಿವರಿಸಲಾದ ಪ್ರಭೇದಗಳೇ ಸುಮಾರು 3,000. ಬಣ್ಣ ಮತ್ತು ಆಕಾರದಲ್ಲಿ ಅವುಗಳಲ್ಲಿ ಎಷ್ಟೋ ಒಂದನ್ನೊಂದು ಹೋಲುತ್ತವೆ. ಆ್ಯಪ್ ತಾನು ಹೆಚ್ಚು ಬಾರಿ ನೋಡಿದ ಪ್ರಭೇದಗಳಲ್ಲೇ ಹೋಲಿಕೆ ಹುಡುಕುವುದರಿಂದ, ಅಪರೂಪದ ಹುಳಕ್ಕೂ ಸಾಮಾನ್ಯ ಹುಳದ ಹೆಸರನ್ನೇ ಅಂಟಿಸುವ ಸಾಧ್ಯತೆ ಹೆಚ್ಚು.

ಗಮನಿಸಬೇಕಾದ ಗುರುತುಗಳು ಬೇರೆಡೆ ಇವೆ. ಎದೆಯ ಮೇಲಿನ ಫಲಕದ ಹಿಂಬದಿಯ ಮೂಲೆಯಲ್ಲಿ ಸಣ್ಣ ಏಣು ಇದೆಯೇ, ಇದ್ದರೆ ಅದು ನೇರವೇ ಬಾಗಿದೆಯೇ ಎಂದು ನೋಡಿ. ಮೀಸೆಯ ಹಲ್ಲುಗಳು ನಾಲ್ಕನೆಯ ಗೆಣ್ಣಿನಿಂದ ಶುರುವಾಗುತ್ತವೆಯೋ ಐದನೆಯದರಿಂದಲೋ ಎಂಬುದನ್ನು ಎಣಿಸಿ. ಮುಂರೆಕ್ಕೆಗಳ ಮೇಲಿನ ಬಿಳಿ ರೋಮಗಳ ಮಚ್ಚೆಗಳು ಉಪಯುಕ್ತವೇನೋ ಹೌದು, ಆದರೆ ಹಳೆಯ ಹುಳದಲ್ಲಿ ಅವು ಉದುರಿಹೋಗಿರುತ್ತವೆ; ಆದ್ದರಿಂದ ಮಚ್ಚೆ ಇಲ್ಲ ಎಂಬುದನ್ನೇ ಲಕ್ಷಣವೆಂದು ನಂಬಬಾರದು. ಕೆಳಗಿನಿಂದ, ಪಕ್ಕದಿಂದ ಮತ್ತು ಮುಖದ ನೇರಕ್ಕೆ ತೆಗೆದ ಚಿತ್ರಗಳೂ ಬೇಕು. ಇಷ್ಟಾದರೂ ಅನೇಕ ಗುಂಪುಗಳಲ್ಲಿ ಕೊನೆಯ ತೀರ್ಪು ಗಂಡಿನ ಜನನಾಂಗದ ಆಕಾರದ್ದೇ. ಒಣಗಿದ ಹುಳವನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ, ಸೂಕ್ಷ್ಮ ಚಿಮುಟದಿಂದ ಅಂಗವನ್ನು ಹೊರತೆಗೆದು, ಮೃದು ಅಂಗಾಂಶ ಕರಗಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು, ಬಳಿಕ ತೊಳೆದು ನೋಡುತ್ತಾರೆ. ಆ ದ್ರಾವಣ ಚರ್ಮವನ್ನು ಸುಡುತ್ತದೆ, ಕೈಗವಸು ಮರೆಯಬೇಡಿ.

ಇದು ಹವ್ಯಾಸಿಗಳಿಗೆ ಮಾತ್ರ ಎದುರಾಗುವ ತೊಡಕಲ್ಲ. 2002ರಲ್ಲಿ ಅಮೆರಿಕದ ಡೆಟ್ರಾಯ್ಟ್ ಸುತ್ತಮುತ್ತ ಆ್ಯಶ್ ಮರಗಳನ್ನು ಕೊಲ್ಲುತ್ತಿದ್ದ ಜೀರುಂಡೆಯ ಗುರುತು ಅಲ್ಲಿ ಸಿಗದೆ, ಮಾದರಿಗಳು ಸ್ಲೋವಾಕಿಯಾದ ತಜ್ಞ ಎಡುವರ್ಡ್ ಯೆಂಡೆಕ್ ಅವರವರೆಗೆ ಹೋದವು. ಅದು ಪೂರ್ವ ಏಷ್ಯಾ ಮೂಲದ ಅಗ್ರಿಲಸ್ ಪ್ಲಾನಿಪೆನಿಸ್ ಎಂದು ಅವರು ಗುರುತಿಸಿದರು. ಮುಂರೆಕ್ಕೆಗಳನ್ನು ಎತ್ತಿದರೆ ಅದರ ಹೊಟ್ಟೆಯ ಮೇಲ್ಭಾಗ ತಾಮ್ರಗೆಂಪಾಗಿ ಹೊಳೆಯುತ್ತದೆ. ರೆಕ್ಕೆ ಮುಚ್ಚಿ ಕುಳಿತ ಹುಳದ ಚಿತ್ರದಲ್ಲಿ ಈ ಗುರುತು ಕಾಣುವುದಾದರೂ ಹೇಗೆ?

ಉತ್ತರ 2:
ಡಿಎನ್‌ಎ ಬಾರ್‌ಕೋಡ್ (ಪ್ರಭೇದ ಗುರುತಿಸಲು ಓದುವ ಡಿಎನ್‌ಎ ತುಣುಕು) ಮಾಡಿಸಿದರೆ ಮುಗಿಯಿತು ಎನ್ನುವವರಿದ್ದಾರೆ. ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳ ಆ ತುಣುಕು, ಸರಿಯಾಗಿ ಹೆಸರಿಸಿದ ಮಾದರಿಯೊಂದರ ತುಣುಕು ಸಂಗ್ರಹದಲ್ಲಿ ಮೊದಲೇ ಇದ್ದರೆ ಮಾತ್ರ ಹೆಸರು ಹೇಳುತ್ತದೆ. ಅಪರೂಪದ ಪ್ರಭೇದಗಳ ವಿಷಯದಲ್ಲಿ ಇಲ್ಲದಿರುವುದು ಹೆಚ್ಚಾಗಿ ಅದೇ. ಹಾಗಿದ್ದರೂ ಮುಂದಿನ ಡಿಎನ್‌ಎ ಪರೀಕ್ಷೆಗೆಂದು ಹುಳದ ಒಂದು ಕಾಲನ್ನು ಶುದ್ಧ ಮದ್ಯಸಾರದಲ್ಲಿ ಕಾಪಿಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನನ್ನ ಬಳಿ ಇರುವುದು ಹೆಣ್ಣಾಗಿದ್ದರೆ ಏನು ಮಾಡಲಿ?

ಉತ್ತರ 1:
ಆಗ ಗುರುತಿಸಲು ಆಹಾರ ಸಸ್ಯವನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ, ಏಕೆಂದರೆ ಈ ಕುಲದ ಮರಿಹುಳುಗಳು ಸಾಮಾನ್ಯವಾಗಿ ಕೆಲವೇ ಸಸ್ಯಗಳಲ್ಲಿ ಬೆಳೆಯುತ್ತವೆ. ಆದರೆ ಎಲೆಯ ಮೇಲೆ ಕುಳಿತದ್ದರಿಂದಲೇ ಅದು ಆ ಮರದಲ್ಲಿ ಬೆಳೆದ ಹುಳ ಎನ್ನಲಾಗದು. ರಂಧ್ರವಿರುವ ಕೊಂಬೆಯ ತುಂಡುಗಳನ್ನು ಬಲೆ ಕಟ್ಟಿದ ಡಬ್ಬದಲ್ಲಿಟ್ಟು ಕಾಯಿರಿ. ಒಳಗೆ ಇನ್ನೂ ಹುಳಗಳಿದ್ದರೆ ಗಂಡು ಹೊರಬಂದೀತು. ಅಲ್ಲಿಯವರೆಗೆ ಚೀಟಿಯಲ್ಲಿ ದಿನಾಂಕ, ಸ್ಥಳ ಮತ್ತು ಮರದ ಹೆಸರಿನೊಡನೆ ‘ಅಗ್ರಿಲಸ್, ಪ್ರಭೇದ ಅನಿಶ್ಚಿತ’ ಎಂದೇ ಬರೆಯಿರಿ. ಊಹಿಸಿ ಬರೆದ ಪ್ರಭೇದದ ಹೆಸರನ್ನು ಮುಂದೆ ಯಾರೂ ಮರುಪರಿಶೀಲಿಸುವುದಿಲ್ಲ, ಅನಿಶ್ಚಿತ ಎಂದು ಬರೆದದ್ದನ್ನು ತಜ್ಞರು ತಾವಾಗಿಯೇ ಎತ್ತಿಕೊಂಡು ನೋಡುತ್ತಾರೆ.