ಒಂದು ಹೆಸರು, ಎರಡು ಹಡಗು

ನೌಕಾಪಡೆ ದಿನದ ಹಿಂದಿನ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ದೊಡ್ಡಪ್ಪ ನೌಕಾಪಡೆಯಲ್ಲಿ ಎಂಜಿನ್ ರೂಮಿನಲ್ಲಿದ್ದವರು. ಅಕ್ಕ ಅವರ ಮಗಳು. ಪುಟ್ಟಿ ಅಕ್ಕನ ಮಗಳು, ಏಳನೇ ಕ್ಲಾಸು.

*ಚಿಕ್ಕಪ್ಪ, 6:12*
(ಫಾರ್ವರ್ಡ್) 1971ರಲ್ಲಿ ಪಾಕಿಸ್ತಾನದ ಗಾಜಿ ಜಲಾಂತರ್ಗಾಮಿಯನ್ನು ಮುಳುಗಿಸಿದ ವೀರ ಹಡಗು ಐಎನ್‌ಎಸ್ ರಜಪೂತ್! 41 ವರ್ಷ ದೇಶ ಕಾಯ್ದು 2021ರಲ್ಲಿ ನಿವೃತ್ತಿ. ಹೆಮ್ಮೆಯಿದ್ದರೆ ಹಂಚಿ.

*ಚಿಕ್ಕಪ್ಪ, 6:13*
ಇದು ನಮ್ಮಣ್ಣ ಇದ್ದ ಹಡಗು ಕಣ್ರೋ. ಎಲ್ಲರೂ ಸ್ಟೇಟಸ್‌ಗೆ ಹಾಕಿ.

*ಅತ್ತೆ, 6:20*
ಅಣ್ಣ ಒಂದು ದಿನಾನೂ ಬಾಯಿ ಬಿಟ್ಟು ಹೇಳಿಲ್ಲ ನೋಡು 🙏

*ಅಕ್ಕ, 6:31*
ಪುಟ್ಟಿಗೆ ನಾಳೆ ಸ್ಕೂಲಲ್ಲಿ ಮೂರು ನಿಮಿಷದ ಭಾಷಣ ಇದೆ. ಇದನ್ನೇ ಬರ್ಕೊಂಡ್ಳು. "ನನ್ನ ತಾತನ ಹಡಗು ಗಾಜಿಯನ್ನು ಮುಳುಗಿಸಿತು" ಅಂತ ಶುರು ಮಾಡ್ತಾಳಂತೆ.

*ನಾನು, 6:40*
ಅಕ್ಕಾ, ತಡಿ. 2021ರಲ್ಲಿ 41 ಕಳೀರಿ. 1980. ಆ ಹಡಗು ಸೇವೆಗೆ ಬಂದಿದ್ದೇ 80ರಲ್ಲಿ. 71ರಲ್ಲಿ ಗಾಜಿ ಹೇಗೆ ಮುಳುಗಿಸುತ್ತೆ?

*ಚಿಕ್ಕಪ್ಪ, 6:42*
ರಜಪೂತ್ ಮುಳುಗಿಸಿದ್ದು ಸುಳ್ಳಾ?

*ನಾನು, 6:51*
ಸುಳ್ಳಲ್ಲ. ಅದು ಬೇರೆ ರಜಪೂತ್. 1942ರಲ್ಲಿ ಸ್ಕಾಟ್ಲೆಂಡಿನಲ್ಲಿ ನೀರಿಗಿಳಿದ ಬ್ರಿಟಿಷ್ ಡಿಸ್ಟ್ರಾಯರ್, ಅಂದ್ರೆ ವೇಗದ ಯುದ್ಧನೌಕೆ. ಆಗ ಅದರ ಹೆಸರು ರೊಥರ್‌ಹ್ಯಾಮ್. 1945ರಲ್ಲಿ ಜಪಾನೀಯರು ಸಿಂಗಾಪುರದ ನೌಕಾನೆಲೆ ಒಪ್ಪಿಸಿದಾಗ ಅಲ್ಲಿತ್ತು. 1949ರಲ್ಲಿ ನಮ್ಮ ಕೈಗೆ ಬಂತು, ರಜಪೂತ್ ಅಂತ ಹೆಸರಾಯ್ತು, ನಂಬರು ಡಿ-141. 71ರ ಯುದ್ಧದ ಹೊತ್ತಿಗೆ ಅದಕ್ಕೆ 29 ವರ್ಷ ಆಗಿತ್ತು. 1976ರಲ್ಲಿ ಸೇವೆಯಿಂದ ಇಳೀತು.
ದೊಡ್ಡಪ್ಪ ಇದ್ದಿದ್ದು ಡಿ-51ರಲ್ಲಿ. ಸೋವಿಯತ್ ದೇಶದ್ದು, ಈಗಿನ ಉಕ್ರೇನಿನ ನಿಕೊಲಾಯೆವ್‌ನಲ್ಲಿ ಕಟ್ಟಿದ್ದು. ರಷ್ಯನ್ ಹೆಸರು ನಾದೆಜ್ನಿ, ಅಂದ್ರೆ ನಂಬಿಗಸ್ತ. 1980ರ ಮೇ 4, ಜಾರ್ಜಿಯಾದ ಪೋಟಿ ಬಂದರಲ್ಲಿ ನಮ್ಮ ಧ್ವಜ ಏರಿತು.

*ಚಿಕ್ಕಪ್ಪ, 6:58*
ಸರಿಯಪ್ಪ, ಹೆಸರು ಒಂದೇ ತಾನೆ? ತಾತನ ಹೆಸರನ್ನ ಮೊಮ್ಮಗನಿಗೆ ಇಡೋದು ಯಾಕೆ? ಕೀರ್ತಿ ವಂಶಕ್ಕೆ ಸೇರಲಿ ಅಂತ.

*ನಾನು, 7:03*
ಇಡೋಣ ಚಿಕ್ಕಪ್ಪ, ಖಂಡಿತ ಇಡೋಣ. ಆದರೆ ತಾತ ತೋಡಿಸಿದ ಬಾವೀನ ಮೊಮ್ಮಗ ತೋಡಿಸಿದ ಅಂತ ಯಾರೂ ಅನ್ನಲ್ಲ. ನೌಕಾಪಡೇಲಿ ಹೆಸರು ಮತ್ತೆ ಇಡೋದು ಸಂಪ್ರದಾಯಾನೇ. ಹಳೇ ರಜಪೂತ್, ರಂಜಿತ್, ರಾಣಾ ಮೂರೂ ಬ್ರಿಟಿಷರಿಂದ ಬಂದವು. ಸೋವಿಯತ್‌ನಿಂದ ಐದು ಬಂದಾಗ ಆ ಮೂರು ಹೆಸರು ಮತ್ತೆ ಇಟ್ಟು, ರಣವೀರ್ ಮತ್ತು ರಣವಿಜಯ್ ಸೇರಿಸಿದ್ರು.
ನಮ್ಮ ಮೈಸೂರನ್ನೇ ನೋಡಿ. ಮೊದಲನೇ ಐಎನ್‌ಎಸ್ ಮೈಸೂರು 1957ರಲ್ಲಿ ಬಂದ ಕ್ರೂಸರ್, 71ರಲ್ಲಿ ಪಶ್ಚಿಮದ ಹಡಗುಪಡೆಗೆ ಅದೇ ಧ್ವಜನೌಕೆ, ಅಂದ್ರೆ ಪಡೆಯ ಮುಖ್ಯಸ್ಥರು ಇರೋ ಹಡಗು. ಈಗಿರೋದು 1999ರಲ್ಲಿ ಸೇವೆಗೆ ಬಂದ ಡಿಸ್ಟ್ರಾಯರ್, ಮುಂಬೈ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ್ದು. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ 23 ಕಡಲ್ಗಳ್ಳರನ್ನ ಹಿಡಿದಿದ್ದು ಇದು. ಇದರ ಲಾಂಛನದಲ್ಲೂ ಗಂಡಭೇರುಂಡ ಇದೆ. ಹಾಗಂತ 71ರ ಯುದ್ಧ ಇದರ ಲೆಕ್ಕಕ್ಕೆ ಬರಲ್ಲ.

*ಚಿಕ್ಕಪ್ಪ, 7:06*
ನೀನು ಎಲ್ಲದರಲ್ಲೂ ಕಲ್ಲು ಹುಡುಕ್ತೀಯ. ಅಣ್ಣನಿಗೆ ಒಂದು ಗೌರವ ಸಿಕ್ಕಿದ್ರೆ ನಿನಗೇನು ಕಷ್ಟ?

*ನಾನು, 7:09*
ಗೌರವ ಸಿಗಲಿ ಅಂತಾನೇ ಹೇಳ್ತಿರೋದು. ಈ ಮೆಸೇಜಲ್ಲಿ ದೊಡ್ಡಪ್ಪ ಮಾಡಿದ ಕೆಲಸ ಒಂದು ಸಾಲೂ ಇಲ್ಲ. ಅವರು ಮಾಡದೇ ಇರೋದು ಮಾತ್ರ ಇದೆ.

*ಅತ್ತೆ, 7:15*
ಇಬ್ಬರೂ ಸುಮ್ನಿರಿ. ಅಣ್ಣ ಊಟ ಮುಗಿಸಿ ಫೋನ್ ನೋಡ್ತಾನೆ. ಅವನೇ ಹೇಳಲಿ.

*ಭಾವ, 8:02*
ಅಲ್ಲಾ, ಗಾಜಿ ತಾನೇ ಕಡಲಲ್ಲಿಟ್ಟ ಸ್ಫೋಟಕದಿಂದಲೋ (ಮೈನ್) ಒಳಗಿನ ಸ್ಫೋಟದಿಂದಲೋ ಮುಳುಗಿತು ಅಂತ ಪಾಕಿಸ್ತಾನದವರು ಹೇಳ್ತಾರಲ್ಲ. ಹಾಗಿದ್ರೆ ಎರಡು ರಜಪೂತ್‌ಗೂ ಸೇರಲ್ವೇನೋ?

*ಚಿಕ್ಕಪ್ಪ, 8:03*
ಇವರೊಬ್ಬರು ಬಾಕಿ ಇದ್ರು 😡

*ದೊಡ್ಡಪ್ಪ, 9:10*
ಎಲ್ಲಾ ಓದಿದೆ. ನಾನು ಟೈಪ್ ಮಾಡೋದು ನಿಧಾನ. ಮಧ್ಯೆ ಯಾರೂ ಮಾತಾಡಬೇಡಿ.

*ದೊಡ್ಡಪ್ಪ, 9:24*
71ರಲ್ಲಿ ನಾನು ಸ್ಕೂಲ್ ಹುಡುಗ. ಆ ಹಡಗಿನ ಮೇಲೆ ಕಾಲೇ ಇಟ್ಟಿಲ್ಲ. ನಾನು ಸೇರಿದ ಮೇಲೆ ಹಿರಿಯರು ಹೇಳಿದ್ದು, ಆಮೇಲೆ ಓದಿದ್ದು ಅಷ್ಟೇ ನನಗೂ ಗೊತ್ತಿರೋದು.
ಗಾಜಿ ಬಂದಿದ್ದು ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್‌ನ ಹುಡುಕಿಕೊಂಡು. ವಿಕ್ರಾಂತ್ ಅಂಡಮಾನ್ ಕಡೆ ಮರೆಯಲ್ಲಿತ್ತು. ಅದು ವಿಶಾಖಪಟ್ಟಣದ ಹತ್ತಿರಾನೇ ಇದೆ ಅಂತ ಶತ್ರು ನಂಬಬೇಕಿತ್ತು. ಪೂರ್ವ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಕೃಷ್ಣನ್ ಆ ಕೆಲಸಕ್ಕೆ ಆರಿಸಿದ್ದು ಈ ಮುದಿ ರಜಪೂತ್‌ನ. ವಿಕ್ರಾಂತ್ ಥರ ನಟಿಸು ಅಂದ್ರು. ದೊಡ್ಡ ಹಡಗು ಕಳಿಸೋ ಹಾಗೆ ರೇಡಿಯೋ ಸಂದೇಶ ಮೇಲಿಂದ ಮೇಲೆ ಕಳಿಸ್ತಾ ಇತ್ತು. ಬಂದರಲ್ಲಿ ದಿನಸಿಗೆ ದೊಡ್ಡ ದೊಡ್ಡ ಆರ್ಡರ್ ಕೊಟ್ರು. ವಿಕ್ರಾಂತ್‌ನ ಒಬ್ಬ ನಾವಿಕ ತಾಯಿಗೆ ಹುಷಾರಿಲ್ಲ, ಹೇಗಿದ್ದಾರೆ ಅಂತ ಕೇಳಿದ ಹಾಗೆ ಒಂದು ಸಂದೇಶವನ್ನ ಬೇಕಂತಲೇ ಸಂಕೇತ ಇಲ್ಲದೆ ಬಿಟ್ರು, ಶತ್ರು ಕೇಳಲಿ ಅಂತ.

*ದೊಡ್ಡಪ್ಪ, 9:37*
ಇದರ ಅರ್ಥ ತಿಳ್ಕೊಳ್ಳಿ. ಟಾರ್ಪಿಡೋ ಬಂದ್ರೆ ನಮಗೆ ಬರಲಿ ಅಂತ ಹೋಗೋದು. ಆ ಹಡಗಿನವರೆಲ್ಲ ಹೋದ್ರು. ಡಿಸೆಂಬರ್ 3ರ ಮಧ್ಯರಾತ್ರಿ, ಅಂದ್ರೆ ಇವತ್ತಿನ ರಾತ್ರಿಯೇ, ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ದೀಪ ಆರಿಸಿಕೊಂಡು ಬಂದರಿನಿಂದ ಹೊರಟ್ರು. ಕಾಲುವೆ ದಾಟಿದ ಮೇಲೆ ನೀರು ಕಲಕಿದ್ದು ಕಂಡು ಎರಡು ಡೆಪ್ತ್ ಚಾರ್ಜ್, ಅಂದ್ರೆ ನೀರೊಳಗೆ ಸಿಡಿಯೋ ಬಾಂಬು, ಹಾಕಿದ್ರು. ಸ್ವಲ್ಪ ಹೊತ್ತಿಗೆ ಭಾರೀ ಸ್ಫೋಟ, ಊರಿನ ಕಿಟಕಿಗಳು ಅದುರಿದ್ವಂತೆ. ಆಮೇಲೆ ಎಣ್ಣೆ ತೇಲಿತು, ಮೀನುಗಾರರಿಗೆ ಲೈಫ್ ಜಾಕೆಟ್ ಸಿಕ್ತು.
ಅಳಿಯಂದ್ರೇ, ನೀವು ಕೇಳಿದ್ದು ತಪ್ಪಲ್ಲ. ನಮ್ಮ ನೌಕಾಪಡೆ ರಜಪೂತ್ ಮುಳುಗಿಸಿತು ಅನ್ನುತ್ತೆ, ಅವರು ಇಲ್ಲ ಅಂತಾರೆ. ಗಾಜಿ ವಿಶಾಖಪಟ್ಟಣದ ಬಾಗಿಲಲ್ಲೇ ಬಿದ್ದಿದೆ, ಅದರಲ್ಲಿದ್ದ 90ಕ್ಕೂ ಹೆಚ್ಚು ಜನ ಒಬ್ಬರೂ ಉಳೀಲಿಲ್ಲ. ಅವರೂ ನಾವಿಕರೇ. ಆ ಸಾವಿನ ಮೇಲೆ 🎉 ಹಾಕಿದವರು ಯಾರೋ, ತೆಗೀರಿ.

*ಅತ್ತೆಯ ಮಗ, 9:38*
ತೆಗೆದೆ ಮಾವ. ಕ್ಷಮಿಸಿ.

*ಚಿಕ್ಕಪ್ಪ, 9:41*
ಅಣ್ಣ, ನಿನ್ನ ಹಡಗು ಏನೂ ಮಾಡಲಿಲ್ಲ ಅಂತ ಆಗಬಾರದು ಅಂತ ನಾನು ಕಳಿಸಿದ್ದು.

*ದೊಡ್ಡಪ್ಪ, 9:58*
ಏನೂ ಮಾಡಲಿಲ್ಲ ಅಂತ ಯಾರು ಹೇಳಿದ್ದು? ನಾಲ್ಕು ಗ್ಯಾಸ್ ಟರ್ಬೈನ್. ಗೇಜುಗಳ ಮೇಲೆಲ್ಲ ರಷ್ಯನ್ ಅಕ್ಷರ. ಮೊದಲನೇ ತಿಂಗಳು ಅಕ್ಷರ ಕಲಿಯೋದೇ ಕೆಲಸ. ಪೂರ್ತಿ ಓಡಿಸಿದ್ರೆ ಕೆಳಗೆ ನಿಂತೋರ ಎದೆಗೂಡೆಲ್ಲ ಗುಂಯ್ ಅನ್ನೋದು.
ಮೊದಲನೇ ಕ್ಯಾಪ್ಟನ್ ಹಿರಾನಂದಾನಿ. 71ರಲ್ಲಿ ಕರಾಚಿ ದಾಳಿ ಆದಾಗ ಪಶ್ಚಿಮದ ಹಡಗುಪಡೆಯ ಕಾರ್ಯಾಚರಣೆ ಅಧಿಕಾರಿ ಆಗಿದ್ದವರು. ಅಂಥವರ ಕೈಯಲ್ಲಿ ಶುರುವಾದ ಹಡಗು.
ಶ್ರೀಲಂಕಾಗೆ ನಮ್ಮ ಶಾಂತಿಪಡೆ ಹೋದಾಗ ಅಲ್ಲಿನ ಕಡಲಲ್ಲಿ ಪಹರೆ ಮಾಡಿದ್ವಿ. ನಿಮ್ಮ ದೊಡ್ಡಮ್ಮ ಬಸುರಿ, ನಾನು ಕಡಲಲ್ಲಿ. ಇವಳು ಹುಟ್ಟಿದ್ದು 11 ದಿನ ಆದ ಮೇಲೆ ನನಗೆ ಗೊತ್ತಾಯ್ತು. 88ರಲ್ಲಿ ಮಾಲ್ಡೀವ್ಸ್‌ನಲ್ಲಿ ಸರ್ಕಾರ ಉರುಳಿಸೋಕೆ ದಂಗೆ ಆದಾಗಲೂ ರಜಪೂತ್ ಹೋಯ್ತು. ದಂಗೆಕೋರರು ಒತ್ತೆಯಾಳುಗಳ ಜೊತೆ ಓಡ್ತಿದ್ದ ಹಡಗನ್ನ ಹಿಡಿದಿದ್ದು ನಮ್ಮ ಯುದ್ಧನೌಕೆಗಳಾದ ಗೋದಾವರಿ ಮತ್ತು ಬೇತ್ವಾ. ಅದನ್ನೂ ನಾವು ಹಿಡಿದ್ವಿ ಅಂತ ನಾಳೆ ಫಾರ್ವರ್ಡ್ ಮಾಡಬೇಡ ಕಣೋ.
ನಾನು ಬಿಟ್ಟ ಮೇಲೆ ಬ್ರಹ್ಮೋಸ್ ಬಂತು. ಹಡಗಿನಿಂದ ಹಾರಿಸಿ ಪರೀಕ್ಷೆ ಮಾಡೋಕೆ ಆರಿಸಿದ್ದು ರಜಪೂತ್‌ನ. ಇವತ್ತು ಎಷ್ಟೊಂದು ಯುದ್ಧನೌಕೆಗಳಲ್ಲಿ ಆ ಕ್ಷಿಪಣಿ ಇದೆ, ಮೊದಲು ಮೈಯೊಡ್ಡಿದ್ದು ನಮ್ಮದು.

*ಅಕ್ಕ, 10:01*
ಅಪ್ಪಾ, 11 ದಿನದ ವಿಷಯ ನನಗೆ ಗೊತ್ತೇ ಇರಲಿಲ್ಲ.

*ದೊಡ್ಡಪ್ಪ, 10:06*
ನಿಮ್ಮಮ್ಮ ಹೇಳಿರ್ತಾಳೆ ಅಂದ್ಕೊಂಡಿದ್ದೆ.
2021ರ ಮೇ 21ಕ್ಕೆ ವಿಶಾಖಪಟ್ಟಣದಲ್ಲಿ ರಜಪೂತ್‌ನ ಸೇವೆಯಿಂದ ಇಳಿಸಿದ್ರು. 41 ವರ್ಷದಲ್ಲಿ 31 ಜನ ಕಮಾಂಡಿಂಗ್ ಆಫೀಸರ್‌ಗಳು, 7,87,194 ನಾಟಿಕಲ್ ಮೈಲಿ. ಕೊರೊನಾ ಕಾಲ, ಅಲ್ಲಿದ್ದ ಕೆಲವೇ ಜನರ ಮುಂದೆ ಸೂರ್ಯಾಸ್ತಕ್ಕೆ ಧ್ವಜ ಇಳೀತು. ಹಳಬರು ಯಾರೂ ಹೋಗೋ ಹಾಗಿರಲಿಲ್ಲ. ನಾನು ಮನೇಲೇ ಎದ್ದು ನಿಂತೆ. ಅಷ್ಟು ಮೈಲಿ ಓಡಿದ್ದಕ್ಕೆ ಯಾರದೋ ಪದಕ ಎರವಲು ಬೇಕಾ?

*ಚಿಕ್ಕಪ್ಪ, 10:15*
ಡಿಲೀಟ್ ಮಾಡಿದೆ ಅಣ್ಣ. ಬೇರೆ ಮೂರು ಗುಂಪಿಗೂ ಹಾಕಿದ್ದೆ, ಅಲ್ಲೂ ತಿದ್ದಿ ಬರೀತೀನಿ. ಡಿ-141, ಡಿ-51 ಸರಿ ತಾನೆ?

*ದೊಡ್ಡಪ್ಪ, 10:16*
ಸರಿ.

*ಅಕ್ಕ, 10:22*
ಅಪ್ಪಾ, ಪುಟ್ಟಿ ಪೂರ್ತಿ ತಿದ್ದಿ ಬರೆದಳು. ಈಗ ಐದು ನಿಮಿಷ ಆಗ್ತಿದೆ. ಏನು ಬಿಡಲಿ ಅಂತ ಕೇಳ್ತಿದ್ದಾಳೆ.

*ದೊಡ್ಡಪ್ಪ, 10:29*
ನನ್ನ ವಿಷಯ ಬಿಡು ಅನ್ನು. ಮಾಲ್ಡೀವ್ಸೂ ಬೇಡ. ವಿಕ್ರಾಂತ್ ಥರ ನಟಿಸೋಕೆ ಹೋದ ಹಳೇ ಹಡಗಿನದು ಮಾತ್ರ ಒಂದು ಸಾಲೂ ತೆಗೀಬೇಡ ಅನ್ನು.