ಕೋವಿಡ್ ಹೋಗಿ ಐದು ತಿಂಗಳಾಯಿತು, ಸುಸ್ತು ಹೋಗಿಲ್ಲ: ನಿಮಗೂ ಹೀಗಾಗಿತ್ತಾ?

ಸುರತ್ಕಲ್‌ನಿಂದ ಪ್ರಶ್ನೆ, ಜೂನ್ 2022

ನನಗೆ 38 ವರ್ಷ. ಬ್ಯಾಂಕಿನಲ್ಲಿ ಕೆಲಸ. ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಬಸ್ಸು. ಜನವರಿಯಲ್ಲಿ, ಮೂರನೇ ಅಲೆಯ ಹೊತ್ತಿಗೆ ಕೋವಿಡ್ ಬಂತು. ಮೂರು ದಿನ ಜ್ವರ, ಗಂಟಲು ನೋವು, ಅಷ್ಟೇ. "ಓಮಿಕ್ರಾನ್ ಅಲ್ವಾ, ಶೀತದ ಹಾಗೆ ಬಂದು ಹೋಗ್ತದೆ" ಅಂದರು ಎಲ್ಲರೂ. ಜ್ವರ ಹೋಯಿತು. ನಾನು ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ. ಬಸ್ಸಿನಲ್ಲಿ ನಿಂತರೆ ಎದೆ ಢವಢವ. ಕೌಂಟರಿನಲ್ಲಿ ಮಾತಾಡುತ್ತಿದ್ದ ಹಾಗೆ ಪದವೇ ಮರೆತುಹೋಗುತ್ತದೆ. ಮೊನ್ನೆ 'ಪಾಸ್‌ಬುಕ್' ಅನ್ನುವ ಪದ ಬಾಯಿಗೆ ಬಾರದೆ ಕೈಯಲ್ಲಿ ಚೌಕ ತೋರಿಸಿದೆ. ಭಾನುವಾರ ಮನೆ ಒರೆಸಿದರೆ ಮಂಗಳವಾರ ಏಳಲಿಕ್ಕಾಗುವುದಿಲ್ಲ. ಇಸಿಜಿ, ಎಕ್ಸ್‌ರೇ, ರಕ್ತ ಎಲ್ಲ ನಾರ್ಮಲ್. ಡಾಕ್ಟರು "ಟೆನ್ಶನ್ ಮಾಡ್ಕೊಂಡಿದ್ದೀರಿ, ಬೆಳಿಗ್ಗೆ ಐದು ಕಿಲೋಮೀಟರ್ ನಡೆಯಿರಿ" ಅಂದರು. ನಡೆದೆ. ಇನ್ನೂ ಜಾಸ್ತಿಯಾಯಿತು. ಇದು ಹೋಗ್ತದಾ? ಯಾರಿಗೆ ತೋರಿಸಬೇಕು? ನಡೆಯಬೇಕಾ, ಬೇಡವಾ?

ಉಡುಪಿಯಿಂದ, ಕಾಲೇಜು ಮೇಷ್ಟ್ರು

ಮೇಡಂ, ಮೊದಲು ಆ ಐದು ಕಿಲೋಮೀಟರ್ ನಿಲ್ಲಿಸಿ. ಉಳಿದದ್ದು ಆಮೇಲೆ.

ನನಗೆ ಬಂದದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆ. ಹನ್ನೊಂದು ದಿನ ಆಸ್ಪತ್ರೆ, ಅದರಲ್ಲಿ ಆರು ದಿನ ಆಕ್ಸಿಜನ್. ಹಾಗಾಗಿ ನನ್ನ ಸುಸ್ತನ್ನು ಯಾರೂ ಅನುಮಾನಿಸಲಿಲ್ಲ. ನಿಮ್ಮ ಹಾಗೆ ಮನೆಯಲ್ಲೇ ಗುಣವಾದವರ ಪಾಡೇ ಕಷ್ಟ, ತೋರಿಸಲಿಕ್ಕೆ ಒಂದು ಡಿಸ್ಚಾರ್ಜ್ ಕಾರ್ಡೂ ಇರುವುದಿಲ್ಲ. ಆದರೆ ಸಣ್ಣ ಜ್ವರ ಬಂದು ಹೋದವರಿಗೂ ಇದು ಉಳಿಯುತ್ತದೆ. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇದು ಏನು ಅಂತ ಬರೆದಿಟ್ಟಿದೆ. ಸೋಂಕು ತಗಲಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ಇರಬೇಕು, ಕನಿಷ್ಠ ಎರಡು ತಿಂಗಳು ಎಳೆದಿರಬೇಕು, ಬೇರೆ ಕಾಯಿಲೆ ಕಾರಣ ಆಗಿರಬಾರದು. ಸುಸ್ತು, ಏದುಸಿರು, ತಲೆ ಓಡದಿರುವುದು, ಮೂರೂ ಅದರಲ್ಲಿ ಉಂಟು. 'ಲಾಂಗ್ ಕೋವಿಡ್' ಅನ್ನುವ ಹೆಸರನ್ನು ಯಾವ ಡಾಕ್ಟರೂ ಇಟ್ಟದ್ದಲ್ಲ. ಎಲಿಸಾ ಪೆರೆಗೊ ಅಂತ ಇಟಲಿಯ ಪುರಾತತ್ವ ಸಂಶೋಧಕಿ, ಸ್ವತಃ ಕಾಯಿಲೆ ಬಿದ್ದವರು, 2020ರ ಮೇಯಲ್ಲಿ ಟ್ವಿಟರಿನಲ್ಲಿ ಬರೆದದ್ದು. ಗುಣವಾಗದೆ ಉಳಿದವರೇ ಹೇಳಿ ಹೇಳಿ ಡಾಕ್ಟರುಗಳನ್ನು ಒಪ್ಪಿಸಿದ ಕಾಯಿಲೆ ಇದು.

ಈಗ ನಡೆಯುವ ವಿಷಯ. ನಾನೂ ಬೇಗ ಗುಣವಾಗಬೇಕು ಅಂತ ಅಜ್ಜರಕಾಡು ಮೈದಾನದಲ್ಲಿ ಸುತ್ತು ಹಾಕಲು ಶುರು ಮಾಡಿದ್ದೆ. ಒಂದು ದಿನ ಎರಡು ಸುತ್ತು, ಮರುದಿನ ಮೂರು. ನಡೆಯುವಾಗ ಏನೂ ಆಗುತ್ತಿರಲಿಲ್ಲ. ಮೋಸ ಇರುವುದೇ ಅಲ್ಲಿ. ಮೂರನೇ ದಿನ ಮೈಮೇಲೆ ಒದ್ದೆ ಗೋಣಿ ಹೊದೆಸಿದ ಹಾಗೆ. ಬೆಳಕು ಬೇಡ, ಮಾತು ಬೇಡ. ನಾಲ್ಕು ದಿನ ಬಿಟ್ಟು ಎದ್ದು ಪುನಃ ಅದನ್ನೇ ಮಾಡುತ್ತಿದ್ದೆ. ಎರಡಕ್ಕೂ ಸಂಬಂಧ ಉಂಟು ಅಂತ ನನಗೆ ಹೊಳೆದದ್ದಲ್ಲ, ಹೆಂಡತಿಗೆ. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ನನ್ನದೂ ಬರೆಯತೊಡಗಿದಳು. "ಶನಿ: ಕಲ್ಸಂಕದವರೆಗೆ ನಡೆದರು. ಆದಿತ್ಯ: ಚೆನ್ನಾಗಿದ್ದರು. ಸೋಮ: ಮಿಂದು ಮಲಗಿದವರು ಊಟಕ್ಕೂ ಏಳಲಿಲ್ಲ." ಒಂದು ತಿಂಗಳ ಹಾಳೆಯಲ್ಲಿ ಇದೇ ನಾಲ್ಕು ಸಲ. ಮಾಡಿದ್ದರ ಬಿಲ್ಲು ಕೆಲವರಿಗೆ ಅರ್ಧ ದಿನ ಬಿಟ್ಟು ಬರುತ್ತದೆ, ಕೆಲವರಿಗೆ ಎರಡು ಮೂರು ದಿನ ಬಿಟ್ಟು. ನಿಮ್ಮ ಭಾನುವಾರ, ಮಂಗಳವಾರ ಇದೇ ಅಂತ ನನಗೆ ಅನಿಸುತ್ತದೆ.

ನಮ್ಮ ಮನೆ ಬಾವಿ ಮೇ ತಿಂಗಳಲ್ಲಿ ಹೇಗೋ, ನನ್ನ ಮೈ ಹಾಗೆ. ಹತ್ತು ನಿಮಿಷ ಪಂಪು ಹಾಕಬಹುದು, ಆಮೇಲೆ ಆಫ್ ಮಾಡಿ ಒರತೆ ತುಂಬುವವರೆಗೆ ಕಾಯಬೇಕು. ಇನ್ನೂ ಐದು ನಿಮಿಷ ಬರಲಿ ಅಂತ ಬಿಟ್ಟರೆ ಮೋಟಾರು ಸುಡುತ್ತದೆ. ಹಾಗಾಗಿ ಸುಸ್ತಾಗುವ ಮೊದಲೇ ಕೂರುತ್ತೇನೆ. ಸ್ನಾನ ಸ್ಟೂಲಿನ ಮೇಲೆ. ಪಾಠ ಕುರ್ಚಿಯಲ್ಲಿ ಕೂತು. ಚೆನ್ನಾಗಿದೆ ಅನಿಸಿದ ದಿನವೇ ಜಾಸ್ತಿ ಜಾಗ್ರತೆ. ಇಂಥ ಸುಸ್ತು ಇರುವವರಿಗೆ ದಿನಾ ಇಷ್ಟಿಷ್ಟು ವ್ಯಾಯಾಮ ಏರಿಸುತ್ತಾ ಹೋಗಿ ಅನ್ನುವ ಸಲಹೆಯನ್ನು ಇಂಗ್ಲೆಂಡಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿದೆ. ಅವರು ಹೇಳಿದ್ದು ಹಳೆಯ ದೀರ್ಘ ಸುಸ್ತಿನ ಕಾಯಿಲೆಗೆ, ಆದರೆ ಲಕ್ಷಣ ನಮ್ಮದೇ. ಏದುಸಿರು ಮಾತ್ರ ಇದ್ದು, ನಡೆದ ಮೇಲೆ ಹೀಗೆ ನೆಲ ಕಚ್ಚದವರಿಗೆ ನಿಧಾನದ ವ್ಯಾಯಾಮ ಒಳ್ಳೆಯದೇ. ನಿಮ್ಮದು ಹಾಗಲ್ಲ.

ಹೋಗ್ತದಾ ಅಂದಿರಿ. ಹದಿಮೂರು ತಿಂಗಳಾಯಿತು. ನಾನು ಮೊದಲಿನ ಮುಕ್ಕಾಲು ಪಾಲು ಇದ್ದೇನೆ. ಉಳಿದ ಕಾಲು ಪಾಲಿನ ಲೆಕ್ಕ ಬಿಟ್ಟಿದ್ದೇನೆ.

ಕಂಕನಾಡಿಯಿಂದ, ನರ್ಸ್

ರಿಪೋರ್ಟ್ ನಾರ್ಮಲ್ ಅಂದರೆ ನೋಡಿದ್ದು ನಾರ್ಮಲ್ ಅಂತ ಅಷ್ಟೇ. ಇಸಿಜಿ ಮಲಗಿಸಿ ತೆಗೆಯುತ್ತಾರೆ. ನಿಮಗೆ ತೊಂದರೆ ಆಗುವುದು ನಿಂತಾಗ. ಹಾಗಾದರೆ ನಿಂತು ನೋಡಬೇಕಲ್ವಾ?

ಆಕ್ಸಿಮೀಟರ್ ಈಗ ಎಲ್ಲರ ಮನೆಯಲ್ಲೂ ಉಂಟು. ಕಪಾಟಿನಲ್ಲಿ ಸೆಲ್ ಸೋರಿ ಬಿದ್ದಿರುತ್ತದೆ, ಹುಡುಕಿ ಹೊಸ ಸೆಲ್ ಹಾಕಿ. ಬೆಳಿಗ್ಗೆ ಹತ್ತು ನಿಮಿಷ ಸುಮ್ನೆ ಮಲಗಿ, ನಾಡಿ ಎಷ್ಟು ಅಂತ ಬರೆದುಕೊಳ್ಳಿ. ಆಮೇಲೆ ಎದ್ದು ಗೋಡೆಗೆ ಒರಗಿ ನಿಂತು ಹತ್ತು ನಿಮಿಷ, ನಿಮಿಷಕ್ಕೊಮ್ಮೆ ಬರೆಯಿರಿ. ಪಕ್ಕದಲ್ಲಿ ಒಬ್ಬರು ಇರಲಿ, ತಲೆ ತಿರುಗಿದರೆ ಕೂಡಲೇ ಕೂತುಬಿಡಿ. ನಾಡಿ 30 ಅಥವಾ ಅದಕ್ಕಿಂತ ಜಾಸ್ತಿ ಏರಿ ಹಾಗೇ ನಿಂತರೆ, ಬಿಪಿ ಇಳಿಯದಿದ್ದರೆ, ಪಾಟ್ಸ್ (POTS) ಅಂತ, ನಿಂತಾಗ ನಾಡಿ ವಿಪರೀತ ಏರುವ ಒಂದು ತೊಂದರೆ ಇರಬಹುದು. ಕೋವಿಡ್ ಆದ ಮೇಲೆ ತುಂಬ ಜನರಲ್ಲಿ ಕಾಣುತ್ತಿದ್ದೇವೆ. ಮೂರು ನಾಲ್ಕು ದಿನದ್ದು ಬರೆದು ಆ ಕಾಗದ ತೆಗೆದುಕೊಂಡು ಹೋಗಿ. "ಎದೆ ಹೊಡ್ಕೊಳ್ತದೆ" ಅಂದರೆ ಟೆನ್ಶನ್ ಅನ್ನುತ್ತಾರೆ, ನಂಬರು ಕೊಟ್ಟರೆ ಹಾಗೆ ಅನ್ನಲಿಕ್ಕೆ ಸುಲಭ ಇಲ್ಲ. ನೀರು, ಉಪ್ಪು ಹೆಚ್ಚಿಸುವುದು, ಕಾಲಿಗೆ ಬಿಗಿ ಸಾಕ್ಸ್, ಬೇಕಾದರೆ ಮಾತ್ರೆ, ಇದಕ್ಕೆ ದಾರಿ ಉಂಟು. ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಯುವವರು ನಾವು, ಕಷ್ಟ ಏನಿಲ್ಲ. ಆದರೆ ಬಿಪಿ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಉಪ್ಪು ಮುಟ್ಟಬೇಡಿ.

ಯಾರಿಗೆ ತೋರಿಸುವುದು ಅಂದರೆ, ಮೊದಲು ಜನರಲ್ ಮೆಡಿಸಿನ್. ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆ ಇರಲಿ, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇರಲಿ, ಖಾಸಗಿ ಇರಲಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್ ನೋಡಿದ್ದಾರಾ ಕೇಳಿ. ಎಲ್ಲ ಸುಸ್ತನ್ನೂ ಕೋವಿಡ್ ತಲೆಗೆ ಕಟ್ಟಬೇಡಿ. ನಮ್ಮಲ್ಲೇ ಒಬ್ಬರು ಆರು ತಿಂಗಳು ಲಾಂಗ್ ಕೋವಿಡ್ ಅಂತ ಕೂತಿದ್ದರು, ನೋಡಿದರೆ ಹಿಮೋಗ್ಲೋಬಿನ್ ಏಳು. ಲಾಂಗ್ ಕೋವಿಡ್ ಹೌದು ಅಲ್ಲ ಅಂತ ಹೇಳುವ ಒಂದೇ ಟೆಸ್ಟ್ ಅನ್ನುವುದು ಇಲ್ಲ. ಇರುವುದಾಗಿ ಹೇಳಿ ಯಾರಾದರೂ ಪ್ಯಾಕೇಜ್ ಮಾರಿದರೆ ಎದ್ದು ಬನ್ನಿ.

ಎರಡನೇ ಅಲೆಯಲ್ಲಿ ಸ್ಟೆರಾಯ್ಡ್ ತೆಗೆದುಕೊಂಡವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಎಷ್ಟೋ ತಿಂಗಳ ಮೇಲೆ ತೊಡೆಸಂದಿಯಲ್ಲಿ, ಸೊಂಟದಲ್ಲಿ ನೋವು ಶುರುವಾಗಿ ಕುಂಟುವ ಹಾಗಾದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಸೊಂಟದ ಮೂಳೆಯ ತುದಿಗೆ ರಕ್ತ ಹೋಗದೆ ಸಾಯುವುದುಂಟು. ಶುರುವಿಗೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಮತ್ತೆ ಎದೆನೋವು, ಏಕಾಏಕಿ ಉಸಿರು ಕಟ್ಟುವುದು, ಒಂದೇ ಕಾಲು ಊದುವುದು, ಇವಕ್ಕೆ ಇಲ್ಲಿ ಕೇಳುತ್ತಾ ಕೂರಬೇಡಿ. ರಾತ್ರಿ ಎರಡು ಗಂಟೆ ಆದರೂ ಕ್ಯಾಶುವಾಲ್ಟಿಗೆ ಹೋಗಿ.

ಮೂಡುಬಿದಿರೆಯಿಂದ

ಇಷ್ಟೆಲ್ಲ ಬೇಡ. ಅಮೃತಬಳ್ಳಿ ಕಷಾಯ ಮೂರು ಹೊತ್ತು ಕುಡಿಯಿರಿ. ನನಗೆ 15 ದಿನದಲ್ಲಿ ಕಡಿಮೆಯಾಯಿತು.

ಕಂಕನಾಡಿಯಿಂದ, ನರ್ಸ್

ಅಣ್ಣ, ನಿಮಗೆ ಕಡಿಮೆಯಾದದ್ದು ಸಂತೋಷ. ಆದರೆ ಮೂರು ಹೊತ್ತು ತಿಂಗಳುಗಟ್ಟಲೆ ಅಂತ ಯಾರಿಗೂ ಹೇಳಬೇಡಿ. ಅಮೃತಬಳ್ಳಿ ಸೇವಿಸಿ ಲಿವರಿಗೆ ತೊಂದರೆಯಾದವರ ಬಗ್ಗೆ 2021ರಲ್ಲಿ ಮುಂಬಯಿಯ ಡಾಕ್ಟರುಗಳು ಬರೆದಿದ್ದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಆ ಜಗಳ ಬೇರೆ. ನಾನು ಹೇಳುವುದು ಇಷ್ಟೇ: ಕುಡಿಯುವುದಾದರೆ ಡಾಕ್ಟರಿಗೆ ತಿಳಿಸಿ ಕುಡಿಯಿರಿ.

ಶಂಕರಪುರದಿಂದ

ನನ್ನದು ಸುಸ್ತಲ್ಲ, ಮೂಗು. ಪ್ರಶ್ನೆಗೆ ಇದು ಉತ್ತರ ಅಲ್ಲದಿರಬಹುದು, ಆದರೂ ಬರೆಯುತ್ತೇನೆ.

ನಮ್ಮದು ಮಲ್ಲಿಗೆ ಗಿಡದ ಮನೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡು ಸೇರಿಸಿ ಅಟ್ಟೆ ಮಾಡಿ ಹೂ ಕೊಳ್ಳುವ ಕಟ್ಟೆಗೆ ಕೊಡುವುದು. ಮದುವೆಯಾಗಿ ಬಂದಾಗಿನಿಂದ ಇದೇ ಕೆಲಸ. ಕಳೆದ ವರ್ಷ ಕೋವಿಡ್ ಬಂದಾಗ ವಾಸನೆ ಹೋಯಿತು. ಎಲ್ಲರಿಗೂ ಹೋಗಿತ್ತು, ಬರ್ತದೆ ಅಂದುಕೊಂಡೆ. ಮೂರು ತಿಂಗಳ ಮೇಲೆ ಬಂತು, ಆದರೆ ಅಡ್ಡಾದಿಡ್ಡಿ. ಈರುಳ್ಳಿ ಹುರಿದರೆ ಚರಂಡಿ. ಕಾಫಿ ಸುಟ್ಟ ರಬ್ಬರು. ಬಂಗುಡೆ ಪುಳಿಮುಂಚಿ ಹಾಳಾಗಿದೆ ಅಂತ ಒಂದು ಪಾತ್ರೆ ಚೆಲ್ಲಿದೆ, ಮಕ್ಕಳು ಬೊಬ್ಬೆ ಹಾಕಿದರು, ಅದು ಚೆನ್ನಾಗಿಯೇ ಇತ್ತಂತೆ. ಮಲ್ಲಿಗೆ? ಸೀಮೆಎಣ್ಣೆ. ಹೂ ಕಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತವಳು ಇಡೀ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಮೂಗಿನ ಡಾಕ್ಟರು ಹೇಳಿದ್ದು: ವೈರಸ್ ಹೊಡೆಯುವುದು ಹೆಚ್ಚಾಗಿ ವಾಸನೆಯ ನರಕ್ಕಲ್ಲ, ಅದಕ್ಕೆ ಆಸರೆ ಕೊಡುವ ಜೀವಕೋಶಕ್ಕೆ. ನರ ಪುನಃ ಚಿಗುರುವಾಗ ಹೀಗೆ ತಪ್ಪು ತಪ್ಪು ವಾಸನೆ ಬರುವುದುಂಟು, ಹಾಗಾಗಿ ಏನೂ ಬಾರದೆ ಇರುವುದಕ್ಕಿಂತ ಇದು ವಾಸಿ. ಗುಲಾಬಿ, ಲಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ದಿನಕ್ಕೆ ಎರಡು ಸಲ ಒಂದೊಂದಾಗಿ ಮೂಸಲು ಹೇಳಿದರು. ಮೂಸುವಾಗ ಅದರ ನಿಜವಾದ ವಾಸನೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಬೇಕು. ಕನಿಷ್ಠ ಮೂರು ತಿಂಗಳು. ದುಡ್ಡು ಖರ್ಚಿಲ್ಲ, ತಾಳ್ಮೆ ಬೇಕು. ಲಿಂಬೆ ಸರಿಯಾಗಿದೆ, ಲವಂಗ ಅರ್ಧ.

ಒಂದು ಮುಖ್ಯ ವಿಷಯ. ಮೂಗು ಹೋದವರು ಗ್ಯಾಸ್ ಲೀಕ್ ಆದರೂ ತಿಳಿಯಲಾರರು. ರಾತ್ರಿ ರೆಗ್ಯುಲೇಟರ್ ಆಫ್ ಮಾಡಿಯೇ ಮಲಗಿ.

ಬಿಜೈಯಿಂದ, ಸುಳ್ಯದ ಕಡೆಯ ಹಿರಿಯರು

2008ರಲ್ಲಿ ನಮ್ಮ ಕಡೆ ಚಿಕುನ್‌ಗುನ್ಯಾ ಬಂದದ್ದು ನೆನಪಾಯಿತು. ಜ್ವರ ನಾಲ್ಕು ದಿನ, ಗಂಟುನೋವು ಒಂದೂವರೆ ವರ್ಷ. ಅಡಿಕೆ ಸುಲಿಯುವ ಕತ್ತಿಗೆ ಕೈ ಒತ್ತಲಿಕ್ಕಾಗದೆ ಒಂದು ವರ್ಷದ ಫಸಲು ಬೇರೆಯವರಿಂದ ಸುಲಿಸಿದೆ. ಆಗ ಯಾರೂ ನಮಗೆ ಟೆನ್ಶನ್ ಅನ್ನಲಿಲ್ಲ, ಯಾಕೆಂದರೆ ಇಡೀ ಊರೇ ಕುಂಟುತ್ತಿತ್ತು. ಜ್ವರ ಬಿಟ್ಟ ಮೇಲೂ ಕಾಯಿಲೆ ಇರುವುದು ಹೊಸತಲ್ಲ ಮಗಳೇ. ನಿನಗೆ ಒಬ್ಬಳಿಗೇ ಆದ ಹಾಗೆ ಕಾಣುವುದು ಮಾತ್ರ ಹೊಸತು.

ಕದ್ರಿಯಿಂದ

ನಾನು ಮಾಡಿದ ತಪ್ಪು ಹೇಳುತ್ತೇನೆ. ಒಂದು ಕಡೆ 'ಇಮ್ಯೂನಿಟಿ ಡ್ರಿಪ್' ಅಂತ ವಾರಕ್ಕೊಂದು ಬಾಟಲಿ, ಹತ್ತು ವಾರ ಹಾಕಿಸಿಕೊಂಡೆ. ನನ್ನ ಎರಡು ಬಳೆ ಅಡವಿಗೆ ಹೋಯಿತು. ಆ ದಿನ ಎಸಿ ರೂಮಿನಲ್ಲಿ ಎರಡು ಗಂಟೆ ಮಲಗಿದ್ದಕ್ಕೆ ಸ್ವಲ್ಪ ಹಾಯ್ ಅನಿಸುತ್ತಿತ್ತು, ಅಷ್ಟೇ.

ಮನೆಯವರನ್ನು ಒಪ್ಪಿಸುವುದು ಡಾಕ್ಟರನ್ನು ಒಪ್ಪಿಸುವುದಕ್ಕಿಂತ ಕಷ್ಟ. ಮುಖ ನೋಡಿದರೆ ಚೆನ್ನಾಗಿಯೇ ಇದ್ದೇನಲ್ಲ. ಅತ್ತೆ ಬಾಯಿಬಿಟ್ಟು ಸೋಮಾರಿ ಅನ್ನಲಿಲ್ಲ, ಪಾತ್ರೆ ಸ್ವಲ್ಪ ಜೋರಾಗಿ ತೊಳೆಯುತ್ತಿದ್ದರು. ಒಂದು ದಿನ ಡಾಕ್ಟರ ಹತ್ತಿರ ಅವರನ್ನೇ ಕರೆದುಕೊಂಡು ಹೋದೆ. ಡಾಕ್ಟರು ನನಗೆ ಹೇಳದೆ ಅವರಿಗೇ ಹೇಳಿದರು. ಮರುದಿನ ಅಡುಗೆಮನೆಯಲ್ಲಿ ಕಲ್ಲಿನ ಪಕ್ಕ ಒಂದು ಸ್ಟೂಲು ಬಂದಿತ್ತು. ಕೂತು ನೀರುದೋಸೆ ಹೊಯ್ಯಬಹುದು, ಏನೂ ಕೆಡುವುದಿಲ್ಲ.

ಮನಸ್ಸಿನ ಡಾಕ್ಟರಿಗೂ ತೋರಿಸಿದೆ. ನಾಚಿಕೆ ಬೇಡ. ಎಂಟು ತಿಂಗಳು ಹೀಗೆ ಬಿದ್ದಿದ್ದರೆ ಯಾರಿಗಾದರೂ ಬೇಜಾರು ಬರುತ್ತದೆ. ಬೇಜಾರಿನಿಂದ ಈ ಕಾಯಿಲೆ ಬಂತು ಅನ್ನುವವರ ಮಾತು ಬೇರೆ, ಅದನ್ನು ನಾನು ಒಪ್ಪುವುದಿಲ್ಲ.

ಸುರತ್ಕಲ್‌ನಿಂದ, ಪ್ರಶ್ನೆ ಕೇಳಿದವಳೇ, ಆಗಸ್ಟ್

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ನಾಡಿ ಮಲಗಿದಾಗ 76, ನಿಂತ ಏಳನೇ ನಿಮಿಷಕ್ಕೆ 118. ಐದು ದಿನ ಬರೆದ ಕಾಗದ ತೆಗೆದುಕೊಂಡು ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಮುಖ ನೋಡುವ ಮೊದಲು ಕಾಗದ ನೋಡಿದರು, ಪುನಃ ತಾವೇ ನಿಲ್ಲಿಸಿ ಅಳೆದರು. ಒಂದು ಮಾತ್ರೆ ಶುರುವಾಗಿದೆ, ಬೆಳಿಗ್ಗೆ ಎದ್ದ ಕೂಡಲೇ ಎರಡು ಲೋಟ ನೀರು. ಎದೆ ಹೊಡೆದುಕೊಳ್ಳುವುದು ಅರ್ಧ ಕಡಿಮೆ. ಪದ ಮರೆಯುವುದು ಹಾಗೇ ಉಂಟು, ಅದಕ್ಕೆ ಅವರ ಹತ್ತಿರವೂ ಮದ್ದಿಲ್ಲ. ಕೌಂಟರಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ: ಪಾಸ್‌ಬುಕ್, ಚಲನ್, ನಾಮಿನಿ. ಮನೆ ಒರೆಸುವುದು ಈಗ ಗಂಡ. ಮೂಲೆ ಬಿಡುತ್ತಾರೆ, ನೋಡಿಯೂ ನೋಡದ ಹಾಗೆ ಇದ್ದೇನೆ.

ನಿನ್ನೆ ಬಸ್ಸಿನಲ್ಲಿ ಮೊದಲ ಸಲ ಬಾಯಿಬಿಟ್ಟು ಸೀಟು ಕೇಳಿದೆ. ಒಬ್ಬ ಹುಡುಗ ಎದ್ದ, ಯಾಕೆ ಅಂತ ಕೇಳಲಿಲ್ಲ.

ಶಂಕರಪುರದ ಅಕ್ಕ, ಮಲ್ಲಿಗೆ ಏನಾಯಿತು?

ಶಂಕರಪುರದಿಂದ

ಮಳೆಗೆ ಈಗ ಹೂ ಕಡಿಮೆ. ಮೊನ್ನೆ ಒಂದು ಚೆಂಡು ಕಟ್ಟುವಾಗ ಸೀಮೆಎಣ್ಣೆ ಬರಲಿಲ್ಲ. ಮಲ್ಲಿಗೆಯೂ ಬರಲಿಲ್ಲ. ಬಟ್ಟೆ ಬಿಚ್ಚಿ ಕಟ್ಟಿದೆ.