ಎಂಬಿಎ ಸೀಟು ಕೈತಪ್ಪಿದೆ: ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಆಸೆ ಬಿಡಬೇಕೇ?

ಪ್ರಶ್ನೆ (ಬಿ.ಕಾಂ. ಪದವೀಧರೆ, ದಾವಣಗೆರೆ)

ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನಲ್ಲಿ ನನಗೆ 97 ಪರ್ಸೆಂಟೈಲ್ ಬಂದಿತ್ತು, ಅಂದರೆ ಬರೆದವರಲ್ಲಿ ಶೇ. 97ರಷ್ಟು ಮಂದಿಗಿಂತ ಮುಂದಿದ್ದೆ. ಆಸೆಪಟ್ಟಿದ್ದ ಸಂಸ್ಥೆಗಳಲ್ಲಿ ಕೆಲವು ಸಂದರ್ಶನಕ್ಕೇ ಕರೆಯಲಿಲ್ಲ. ಕರೆದವು ಕಾಯುವ ಪಟ್ಟಿಯಲ್ಲಿ ಜೂನ್‌ವರೆಗೂ ಇಟ್ಟು ಕೈಬಿಟ್ಟವು. ಕಂಪನಿಗಳ ವಿಲೀನ, ಐಪಿಒ (ಸಾರ್ವಜನಿಕರಿಗೆ ಮೊದಲ ಬಾರಿ ಷೇರು ಮಾರಾಟ) ಮುಂತಾದ ವ್ಯವಹಾರಗಳನ್ನು ನಡೆಸುವ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ದುಡಿಯಬೇಕೆಂಬುದು ನನ್ನ ಹಂಬಲ. ಮನೆಯವರು ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಅರ್ಜಿ ಹಾಕು ಎನ್ನುತ್ತಿದ್ದಾರೆ. ಮತ್ತೆ ಕ್ಯಾಟ್ ಬರೆಯಲೇ? ಸಹಪಾಠಿಗಳ ಪ್ರವೇಶದ ಸುದ್ದಿ ಕೇಳಿದಾಗಲೆಲ್ಲ ಓದಲು ಕೂರುವುದೇ ಕಷ್ಟವಾಗುತ್ತಿದೆ.

ಉತ್ತರ 1 (ಇಕ್ವಿಟಿ ರಿಸರ್ಚ್, ಅಂದರೆ ಷೇರು ವಿಶ್ಲೇಷಣೆ, ಮುಂಬೈ)

2024ರಲ್ಲಿ ಕ್ಯಾಟ್ ಬರೆದವರು ಸುಮಾರು 2.9 ಲಕ್ಷ. ಅಂದರೆ 99 ಪರ್ಸೆಂಟೈಲ್ ದಾಟಿದವರೇ 2,900ರಷ್ಟಿದ್ದರು. ಇದರ ಮೇಲೆ ಬೆಂಗಳೂರಿನ ಐಐಎಂ (ಭಾರತೀಯ ನಿರ್ವಹಣಾ ಸಂಸ್ಥೆ) ಸೇರಿದಂತೆ ಹಲವು ಸಂಸ್ಥೆಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರ ಅಂಕಗಳನ್ನೂ ಎಣಿಕೆಗೆ ತೆಗೆದುಕೊಳ್ಳುತ್ತವೆ. ಹದಿನೈದರ ವಯಸ್ಸಿನಲ್ಲಿ ಪಡೆದ ಅಂಕವನ್ನು ಈಗ ತಿದ್ದಲಾಗುವುದಿಲ್ಲ. ಆದ್ದರಿಂದ ಮೊದಲು ಆ ಅಂಕಗಳನ್ನು ಎದುರಿಗಿಟ್ಟುಕೊಂಡು, ಪ್ರತಿ ಸಂಸ್ಥೆಯ ಪ್ರಕಟಿತ ಆಯ್ಕೆ ನಿಯಮದಂತೆ ಲೆಕ್ಕ ಹಾಕಿ. 99 ಬಂದರೂ ಕರೆ ಬರುವುದು ಅನುಮಾನವೆಂದು ಕಂಡರೆ ಇನ್ನೊಂದು ವರ್ಷವನ್ನು ಅದಕ್ಕೆ ಸುರಿಯಬೇಡಿ. ಮುಂಬೈಯ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು ಎಂಬಿಎಗಳನ್ನು ಕೆಲವೇ ಕ್ಯಾಂಪಸ್‌ಗಳಿಂದ ಆರಿಸಿಕೊಳ್ಳುತ್ತವೆ ಎಂಬುದು ನಿಜ. ಯಾವುದೋ ಒಂದು ಎಂಬಿಎಗೆ ಲಕ್ಷಾಂತರ ರೂಪಾಯಿ ಸಾಲ ಮಾಡಿದರೆ ಆ ಬಾಗಿಲು ತೆರೆಯುವುದಿಲ್ಲ.

ಉತ್ತರ 2 (ಲೆಕ್ಕಪರಿಶೋಧಕ, ಹುಬ್ಬಳ್ಳಿ)

ನಿಮ್ಮದು ಬಿ.ಕಾಂ.; 55 ಪ್ರತಿಶತ ಅಂಕಗಳಿದ್ದರೆ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಕೋರ್ಸಿನ ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರವಾಗಿ ಎರಡನೆಯ ಹಂತವಾದ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. 2023ರ ಹೊಸ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ (ಲೆಕ್ಕಪರಿಶೋಧಕರ ಕೈಕೆಳಗಿನ ತರಬೇತಿ) ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು ಸಿಎಗಳನ್ನೂ ತೆಗೆದುಕೊಳ್ಳುತ್ತವೆ. ಅಲ್ಲಿ ಎಷ್ಟು ಅಟೆಂಪ್ಟ್‌ನಲ್ಲಿ ಪಾಸಾದಿರಿ, ಆರ್ಟಿಕಲ್‌ಶಿಪ್‌ನಲ್ಲಿ ಕಂಪನಿಗಳ ಮೌಲ್ಯಮಾಪನದಂತಹ ಕೆಲಸ ಮಾಡಿದ್ದೀರೋ ಇಲ್ಲವೋ ಎಂದು ಕೇಳುತ್ತಾರೆ. ಹಾಗೆಂದು ಇದನ್ನು ಸುಲಭದ ದಾರಿ ಎಂದುಕೊಳ್ಳಬೇಡಿ. ಇಂಟರ್ ಬರೆಯುವವರಲ್ಲಿ ಬಹುಪಾಲು ಮಂದಿ ಮೊದಲ ಸಲ ಎರಡೂ ಗ್ರೂಪ್ (ವಿಷಯಗಳ ಗುಂಪು) ದಾಟುವುದಿಲ್ಲ, ಮತ್ತು ತಿರಸ್ಕಾರದಿಂದ ತಪ್ಪಿಸಿಕೊಳ್ಳಲು ಇಲ್ಲಿಗೆ ಬಂದವರು ಬೇಗ ಸೋತುಹೋಗುವುದನ್ನು ನಾನು ನೋಡಿದ್ದೇನೆ.

ಉತ್ತರ 3 (ಬಹುರಾಷ್ಟ್ರೀಯ ಬ್ಯಾಂಕ್ ಉದ್ಯೋಗಿ, ಬೆಂಗಳೂರು)

ಮೇಲಿನವರು ಮನಸ್ಸಿನ ವಿಚಾರ ಬಿಟ್ಟರು. ನೋವು ಆಯ್ಕೆಯಾಗದಿದ್ದುದಕ್ಕಿಂತಲೂ ಮುಂದೇನೆಂದು ತಿಳಿಯದ ಖಾಲಿ ತಿಂಗಳುಗಳಲ್ಲಿ ಹೆಚ್ಚು ಬೆಳೆಯುತ್ತದೆ. ಆದ್ದರಿಂದ ಸಂಬಳ ಕಡಿಮೆಯಾದರೂ ಕೆಲಸಕ್ಕೆ ಸೇರಿಕೊಳ್ಳಿ, ಸಹಪಾಠಿಗಳ ವಾಟ್ಸಾಪ್ ಗುಂಪನ್ನು ಕೆಲವು ತಿಂಗಳು ಮ್ಯೂಟ್ ಮಾಡಿ. ಮನೆಯವರಿಗೆ ಆಸೆಯ ಜೊತೆ ಒಂದು ಗಡುವನ್ನೂ ಹೇಳಿದರೆ ಅವರ ಒತ್ತಡ ತಗ್ಗುತ್ತದೆ. ಬೆಂಗಳೂರಿನ ಜಾಗತಿಕ ಬ್ಯಾಂಕುಗಳ ಕಚೇರಿಗಳಲ್ಲಿ ಬಿ.ಕಾಂ. ಪದವೀಧರರಿಗೆ ಆಪರೇಷನ್ಸ್, ರಿಸ್ಕ್ ವಿಭಾಗಗಳಲ್ಲಿ ಅವಕಾಶವಿದೆ. ಆದರೆ ಬ್ಯಾಂಕಿನ ಹೆಸರು ನೋಡಿ ಮರುಳಾಗದೆ, ದಿನವಿಡೀ ಮಾಡುವ ಕೆಲಸವೇನೆಂದು ಸಂದರ್ಶನದಲ್ಲೇ ಕೇಳಿ. ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಅರ್ಹತೆಯಾದ ಸಿಎಫ್‌ಎ ಮೂರು ಹಂತದ ಪರೀಕ್ಷೆ. ಶುಲ್ಕ ಡಾಲರ್‌ಗಳಲ್ಲಿರುವುದರಿಂದ, ಸಂಬಳ ಬರಲಾರಂಭಿಸಿದ ಮೇಲೆ ಯೋಚಿಸುವುದು ಮೇಲು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಲೆಕ್ಕ ಹಾಕಿದೆ, ಎಸ್ಸೆಸ್ಸೆಲ್ಸಿ ಅಂಕಗಳೇ ನನ್ನನ್ನು ಹಿಂದಕ್ಕೆ ಎಳೆಯುತ್ತಿವೆ. ಪದವಿಯಲ್ಲಿ 55ಕ್ಕಿಂತ ಹೆಚ್ಚಿದೆ. ಕೆಲಸ ಮಾಡುತ್ತಲೇ ಇಂಟರ್‌ಮೀಡಿಯೆಟ್‌ಗೆ ಓದಲಾದೀತೇ?

ಉತ್ತರ 2

ನೋಂದಣಿಯ ನಂತರ ಎಂಟು ತಿಂಗಳ ಓದಿನ ಅವಧಿ ಇರುತ್ತದೆ. ಮೊದಲ ನಾಲ್ಕು ತಿಂಗಳು ಕೆಲಸದೊಂದಿಗೆ ನಿಭಾಯಿಸಬಹುದು. ಆಮೇಲೆ ಓದಲು ರಜೆ ಕೊಡುವ ಆಡಿಟರ್ ಕಚೇರಿಯನ್ನೇ ಹುಡುಕಿಕೊಳ್ಳಿ.